ಪುಣೆ ಹತ್ತಿರದ ಘಟ್ಟದ ಹಳ್ಳಿಗಳಿಗೆ ಯಾವ ರಸ್ತೆ ಒಳ್ಳೆಯದು? ಒಂದೇ ರಸ್ತೆಗೆ ಮೂರು ಸಲ ಹೋಗಿ

ಪುಣೆಗೆ ಬಂದು ಎಂಟು ತಿಂಗಳಾಯ್ತು, ಕಾರಿದೆ, ಲೋಣಾವಳ ಮಹಾಬಳೇಶ್ವರದ ಗದ್ದಲ ಬೇಡ, ಘಟ್ಟದ ಸಣ್ಣ ಹಳ್ಳಿಗಳಲ್ಲಿ ನಿಧಾನಕ್ಕೆ ಸುತ್ತಬೇಕು, ಯಾವ ಕಡೆ ಹೋಗಲಿ ಅಂತ ಕೇಳಿದ್ದೀರಿ. ನಾನು ಇಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಊರು ಯಲ್ಲಾಪುರದ ಹತ್ತಿರ, ಹಾಗಾಗಿ ಘಟ್ಟ ಅಂದರೆ ನನಗೂ ಜೀವ.

ಹತ್ತು ರೂಟ್ ಹೇಳಲ್ಲ, ಒಂದೇ ಹೇಳುತ್ತೇನೆ. ಸಾತಾರಾ ರಸ್ತೆಯಲ್ಲಿ ಹೋಗಿ ನಸರಾಪುರದ ಹತ್ತಿರ ಬಲಕ್ಕೆ ತಿರುಗಿ, ವೇಲ್ಹೆ ದಾಟಿ ಕೇಳದ ಅನ್ನೋ ಊರಿನವರೆಗೆ ಹೋಗಿ. ಪುಣೆಯಿಂದ ಎಪ್ಪತ್ತು ಎಂಬತ್ತು ಕಿಲೋಮೀಟರ್ ಅಷ್ಟೆ. ದಾರಿಯಲ್ಲಿ ಎಡಕ್ಕೆ ರಾಜಗಡ ಕೋಟೆ ಕಾಣಿಸುತ್ತದೆ, ವೇಲ್ಹೆಗೆ ಬಂದರೆ ತೋರಣಾ ಕೋಟೆ ತಲೆ ಮೇಲೇ ನಿಂತ ಹಾಗಿರುತ್ತದೆ, 1403 ಮೀಟರ್ ಎತ್ತರ. ಕೇಳದದ ಆಚೆ ಮಢೆ ಘಾಟ್. ಅಲ್ಲಿ ನೆಲ ಥಟ್ಟನೆ ಮುಗಿದು ಕೆಳಗೆ ಕೊಂಕಣ ಶುರುವಾಗುತ್ತದೆ. 1670ರಲ್ಲಿ ಸಿಂಹಗಡದ ಕಾಳಗದಲ್ಲಿ ಸತ್ತ ಶಿವಾಜಿಯ ಸರದಾರ ತಾನಾಜಿ ಮಾಲುಸರೆಯ ದೇಹವನ್ನು ಇದೇ ಕಾಲುದಾರಿಯಲ್ಲಿ ಊರಿಗೆ ಹೊತ್ತುಕೊಂಡು ಹೋದರು ಅಂತ ಅಲ್ಲಿನವರು ಇವತ್ತಿಗೂ ಹೇಳುತ್ತಾರೆ.

ಎರಡು ಗಂಟೆಯ ದಾರಿ ಇದು. ಇದಕ್ಕೆ ಎರಡು ದಿನ ಇಟ್ಟುಕೊಳ್ಳಿ. ಮತ್ತೆ ಮುಖ್ಯವಾದ ಮಾತು, ಇದೇ ರಸ್ತೆಗೆ ವರ್ಷದಲ್ಲಿ ಮೂರು ಸಲ ಹೋಗಿ. ಹೊಸ ಜಾಗ ಹುಡುಕೋ ಆಸೆ ನನಗೂ ಇತ್ತು, ಜುಲೈ ತಿಂಗಳ ಒಂದು ಭಾನುವಾರ ತಾಮ್ಹಿಣಿ ಘಾಟ್‌ನಲ್ಲಿ ನಾಲ್ಕು ಗಂಟೆ ಕಾರುಗಳ ಮಧ್ಯೆ ಸಿಕ್ಕಿಕೊಂಡ ಮೇಲೆ ಅದು ಬಿಟ್ಟುಹೋಯ್ತು.

ಯಾಕೆ ಮೂರು ಸಲ ಅಂತ ಹೇಳುತ್ತೇನೆ. ಮೊದಲ ಸಲ ಹೋಗಿದ್ದು ಮೇ ತಿಂಗಳಲ್ಲಿ. ಗದ್ದೆಗಳ ಮೂಲೆಯಲ್ಲಿ ಅಲ್ಲಲ್ಲಿ ಕಪ್ಪಗೆ ಸುಟ್ಟ ಚೌಕಗಳು. ಬೆಂಕಿ ಬಿದ್ದಿರಬೇಕು ಅಂದುಕೊಂಡು ಕಾರು ನಿಲ್ಲಿಸಿ ಅಲ್ಲೇ ಕೂತಿದ್ದ ಒಬ್ಬ ಅಜ್ಜನನ್ನು ಕೇಳಿದೆ. ಅದು ರಾಬ್ ಅಂದರು. ಸಗಣಿ, ಒಣ ಕೊಂಬೆ, ತರಗೆಲೆ ಹರಡಿ, ಮೇಲೆ ತೆಳ್ಳಗೆ ಮಣ್ಣು ಹಾಕಿ ನಿಧಾನಕ್ಕೆ ಸುಡುತ್ತಾರೆ. ಕಳೆಯ ಬೀಜ ಸಾಯುತ್ತದೆ, ಬೂದಿ ಗೊಬ್ಬರವಾಗುತ್ತದೆ, ಮಳೆ ಬಿದ್ದ ಮೇಲೆ ಭತ್ತದ ಸಸಿ ಮಡಿ ಅಲ್ಲೇ. ಅಜ್ಜ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದರು. ಹುರಿದ ರಾಗಿ ಹಿಟ್ಟಿನಷ್ಟು ನುಣುಪು, ಇನ್ನೂ ಸ್ವಲ್ಪ ಬೆಚ್ಚಗಿತ್ತು.

ಜುಲೈಯಲ್ಲಿ ಮತ್ತೆ ಹೋದೆ, ಈ ಸಲ ಮಂಗಳವಾರ. ಮಳೆಗಾಲದ ಶನಿವಾರ ಭಾನುವಾರ ಮಢೆ ಘಾಟ್‌ನ ಜಲಪಾತಕ್ಕೂ ಜನ ಬರುತ್ತಾರೆ, ಅದಕ್ಕೇ ವಾರದ ಮಧ್ಯೆ ರಜೆ ಹಾಕಿ. ಅದೇ ಕಪ್ಪು ಚೌಕ ಈಗ ಇಡೀ ಕಣಿವೆಯಲ್ಲೇ ಜಾಸ್ತಿ ಹಸಿರು. ಹೆಂಗಸರು ಬಗ್ಗಿ ಸಸಿ ಕೀಳುತ್ತಿದ್ದರು, ಕೆಲವರ ಬೆನ್ನ ಮೇಲೆ ಇರ್ಲೆ, ಅಂದರೆ ಮಳೆಗೆ ತಲೆ ಬೆನ್ನು ಮುಚ್ಚೋ ಎಲೆಯ ಹೊದಿಕೆ. ನೋಡಿದ ತಕ್ಷಣ ಎದೆ ಧಸಕ್ಕೆಂದಿತು, ನಮ್ಮ ಅಜ್ಜಿಯ ಗೊರಬು ಅದು, ಹೆಸರು ಬೇರೆ ಅಷ್ಟೆ! ಮೇ ತಿಂಗಳಲ್ಲಿ ನೋಡದೇ ಇದ್ದಿದ್ದರೆ ಆ ಹಸಿರು ನನಗೆ ಸುಮ್ನೆ ಒಂದು ಫೋಟೋ ಆಗಿರುತ್ತಿತ್ತು.

ಅವತ್ತು ರಾತ್ರಿ ಆ ಅಜ್ಜನ ಮನೆಯಲ್ಲೇ ಉಳಿದೆ. ಗೋಡೆ ಕಾರವಿ ಅನ್ನೋ ಕಾಡುಗಿಡದ ಕಡ್ಡಿಯದು, ಮೇಲೆ ಮಣ್ಣು ಸಗಣಿ ಮೆತ್ತಿ ಸಾರಿಸಿದ್ದು, ದೀಪದ ಬೆಳಕಲ್ಲಿ ಸಾರಿಸಿದ ಕೈಯ ನಾಲ್ಕೂ ಬೆರಳಿನ ಗೆರೆ ಕಾಣುತ್ತಿತ್ತು. ಊಟಕ್ಕೆ ರಾಗಿ ಭಾಕ್ರಿ, ಕಡಲೆ ಹಿಟ್ಟಿನ ಪಿಠಲಾ, ಮೆಣಸಿನಕಾಯಿ ಠೇಚಾ. ಎಂಟು ಗಂಟೆಗೆ ವಸ್ತಿ ಬಸ್ ಬಂತು, ಇವರ ಬಾಯಲ್ಲಿ ಮುಕ್ಕಾಮಿ ಎಸ್‌ಟಿ. ಮೂರೇ ಜನ ಇಳಿದರು. ಹುಡುಗರೆಲ್ಲ ಪುಣೆಯಲ್ಲಿ, ಗಣಪತಿಗೆ, ಜಾತ್ರೆಗೆ ಬರುತ್ತಾರೆ ಅಂತ ಮನೆಯ ಮಾವಶಿ, ಅಂದರೆ ಚಿಕ್ಕಮ್ಮ, ಹೇಳಿದರು. ನನ್ನ ಅಮ್ಮನೂ ಫೋನಿನಲ್ಲಿ ಹೀಗೇ ಹೇಳುತ್ತಾಳೆ.

ಕೆಲವು ಊರುಗಳಲ್ಲಿ ‘ಘರಗುತಿ ಜೇವಣ’ ಅಂತ ಬೋರ್ಡ್ ಇರುತ್ತದೆ, ಅಂದರೆ ಮನೆ ಊಟ. ಬೋರ್ಡ್ ಇಲ್ಲದಿದ್ದರೆ "ಮಾವಶಿ, ಜೇವಣ ಮಿಳೇಲ್ ಕಾ?" ಅಂತ ಕೇಳಿ, ಊಟ ಸಿಗುತ್ತಾ ಅಂತ ಅರ್ಥ. ಮಧ್ಯಾಹ್ನವೇ ಹೇಳಿಬಿಡಿ, ರಾತ್ರಿ ಒಂಬತ್ತಕ್ಕೆ ಹೋಗಿ ಬಾಗಿಲು ಬಡಿಯಬೇಡಿ. ದುಡ್ಡು ಬೇಡ ಅಂದರೂ ಕೊಟ್ಟೇ ಬನ್ನಿ. ನೋಟು ಇಟ್ಟುಕೊಳ್ಳಿ, ಸಿಗ್ನಲ್ ಹೋಗಿಬಿಡುತ್ತದೆ. ಪೆಟ್ರೋಲ್ ಹೆದ್ದಾರಿ ಬಿಡುವ ಮುಂಚೆ ಹಾಕಿಸಿ. ಇಳಿಜಾರಿನಲ್ಲಿ ಹತ್ತಿದ ಗೇರ್‌ನಲ್ಲೇ ಇಳಿಯಿರಿ, ಸುಮ್ನೆ ಬ್ರೇಕ್ ಒತ್ತಿ ಹಿಡಿಯಬೇಡಿ. ಭೋರ್ ಕಡೆಯಿಂದ ವರಂಧಾ ಘಾಟ್ ಇಳಿದು ಮಹಾಡಕ್ಕೆ ಹೋಗೋದೂ ಚೆಂದ, ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ ಅಂತ ಆ ರಸ್ತೆ ಮುಚ್ಚುತ್ತಾರೆ, ವಿಚಾರಿಸಿಯೇ ಹೊರಡಿ.

ಮೂರನೇ ಸಲ ನವೆಂಬರ್. ಕೊಯ್ಲು ಮುಗಿದಿತ್ತು, ಆ ಚೌಕದಲ್ಲೂ ಬರೀ ಕೂಳೆ. ಅಜ್ಜ ಗುರುತು ಹಿಡಿದು, ಈ ಸಲ ಏನು ನೋಡೋಕೆ ಬಂದೆ ಅಂತ ಕೇಳಿದರು. ಮುಂದಿನ ರಾಬ್‌ಗೆ ಕೊಂಬೆ ಕಡಿಯೋದು ಯಾವಾಗ ಅಂತ ಕೇಳಿದೆ. ಚಳಿ ಏರಲಿ, ಜನವರಿಯಲ್ಲಿ ಬಾ, ನಿನಗೂ ಒಂದು ಕತ್ತಿ ಕೊಡುತ್ತೇನೆ ಅಂದರು. ರಜೆ ಹಾಕಿದ್ದೇನೆ.