ಮಗುವಿಗೆ ಉಬ್ಬುಚೌಕಗಳ ಪಫ್ ಕ್ವಿಲ್ಟ್ ಹೊಲಿಯುವುದು ಹೇಗೆ? ಒಳಗೆ ಏನು ತುಂಬಬೇಕು?

ಪಫ್ ಕ್ವಿಲ್ಟ್ ಎಂದರೆ ಒಳಗೆ ಮೆತ್ತನೆಯ ತುಂಬು ಹಾಕಿ ಉಬ್ಬಿಸಿದ ಸಣ್ಣ ಸಣ್ಣ ಚೌಕಗಳನ್ನು ಜೋಡಿಸಿ ಮಾಡುವ ಹಾಸು. ಮೇಲಿನ ಬಟ್ಟೆಯನ್ನು 5 ಇಂಚು ಚೌಕವಾಗಿಯೂ ತಳದ ಬಟ್ಟೆಯನ್ನು 4 ಇಂಚು ಚೌಕವಾಗಿಯೂ ಕತ್ತರಿಸಿ, ಮೂಲೆಗೆ ಮೂಲೆ ಸೇರಿಸಿ, ಪ್ರತಿ ಬದಿಯಲ್ಲಿ ಉಳಿಯುವ ಒಂದು ಇಂಚನ್ನು ನಡುವೆ ನೆರಿಗೆಯಾಗಿ ಮಡಚಿ ಹೊಲಿದರೆ ಉಬ್ಬಿಗೆ ಜಾಗ ಸಿಗುತ್ತದೆ. ತಳದ ಬಟ್ಟೆ ಹೊರಗೆ ಕಾಣದ ಕಾರಣ ಹಳೆಯ ಕಾಟನ್ ಸೀರೆಯೂ ಆದೀತು. ಹೊಸ ಬಟ್ಟೆಯಾದರೆ ಮೊದಲೇ ಒಗೆದು ಕುಗ್ಗಿಸಿಕೊಳ್ಳಬೇಕು.

ಮೂರು ಬದಿ ಹೊಲಿದು, ನಾಲ್ಕನೆಯ ಬದಿಯಿಂದ ಪಾಲಿಯೆಸ್ಟರ್ ಫೈಬರ್ ತುಂಬಿ ಮುಚ್ಚಿರಿ. ಅರಳೆಯನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಅದು ಒಗೆದಾಗ ಗಂಟುಗಟ್ಟುತ್ತದೆ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ, ಮಗುವಿನ ಹಾಸನ್ನಂತೂ ಪದೇ ಪದೇ ಒಗೆಯಲೇಬೇಕಾಗುತ್ತದೆ. ಬಿಗಿಯಾಗಿ ತುಂಬಿದರೆ ಚೌಕಗಳನ್ನು ಜೋಡಿಸುವಾಗ ಯಂತ್ರದ ಪಾದದ ಕೆಳಗೆ ಬಟ್ಟೆ ಸರಿಯುವುದಿಲ್ಲ.

ಕಾಲು ಇಂಚು ಅಂಚು ಬಿಟ್ಟು 10 ಸಾಲು, ಸಾಲಿಗೆ 10 ಚೌಕಗಳಂತೆ ಜೋಡಿಸಿದರೆ ಸುಮಾರು 35 ಇಂಚಿನ ಹಾಸು ಸಿದ್ಧವಾಗುತ್ತದೆ. ಹಿಂಬದಿಗೆ ಫ್ಲಾನೆಲ್ ಬಟ್ಟೆಯನ್ನು ಸುತ್ತ ಹೊಲಿದು, ಬಿಟ್ಟ ಸಂದಿನಿಂದ ಮಗುಚಿ, ಸಂದನ್ನು ಮುಚ್ಚಿ, ಚೌಕಗಳ ಮೂಲೆಗಳು ಸೇರುವಲ್ಲಿ ಅಲ್ಲಲ್ಲಿ ಕೈಹೊಲಿಗೆ ಹಾಕಿರಿ. ಗುಂಡಿ, ಮಣಿ ಬೇಡ. ಕಿತ್ತು ಬಂದರೆ ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಒಂದು ವರ್ಷ ತುಂಬದ ಮಗು ಮಲಗುವಾಗ ಇದನ್ನು ಹೊದಿಸಲೂ ಬಾರದು, ಹಾಸಲೂ ಬಾರದು. ಮೆತ್ತನೆಯ ಹಾಸಿನಲ್ಲಿ ಮುಖ ಹುದುಗಿದರೆ ಉಸಿರುಕಟ್ಟುವ ಅಪಾಯವಿದೆ. ಮಗು ಎಚ್ಚರವಾಗಿದ್ದು ದೊಡ್ಡವರು ಜೊತೆಗಿರುವಾಗ ನೆಲದ ಮೇಲೆ ಹಾಸಿ ಆಡಿಸಬಹುದು.