ಮುಂಬೈ ಸುತ್ತ ನೆದರ್‌ಲ್ಯಾಂಡ್ಸ್ ಥರ ಗೋಡೆ ಕಟ್ಟಿದರೆ ಮುಳುಗುವುದು ತಪ್ಪುತ್ತದಾ?

ಗೋಡೆ ಕಟ್ಟಬಹುದು. ಆದರೆ ಒಳಗೆ ಬಿದ್ದ ಮಳೆ ನೀರು ಎಲ್ಲಿಗೆ ಹೋಗಬೇಕು?

ನೆದರ್‌ಲ್ಯಾಂಡ್ಸ್‌ನವರ ಕಷ್ಟ ಬೇರೆ. ಅಲ್ಲಿ 1953ರಲ್ಲಿ ಕಡಲು ಉಕ್ಕಿ 1,836 ಜನ ಸತ್ತರು, ಅದಾದ ಮೇಲೆ ದೊಡ್ಡ ದೊಡ್ಡ ಒಡ್ಡು, ಗೇಟು ಕಟ್ಟಿದರು. ಆದರೆ ಅಲ್ಲಿ ವರ್ಷವಿಡೀ ಬೀಳುವ ಮಳೆಯೇ ಸುಮಾರು 800 ಮಿ.ಮೀ. ಮುಂಬೈಯ ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ರಂದು ಒಂದೇ ದಿನಕ್ಕೆ 944 ಮಿ.ಮೀ. ಸುರಿಯಿತು.

ಆಗ ನಾನು ಕುರ್ಲಾದಲ್ಲಿ ನೆಲಮಹಡಿಯ ಖೋಲಿಯೊಂದರಲ್ಲಿದ್ದೆ. ನೀರು ಮೊದಲು ಬಂದದ್ದು ಬಾಗಿಲಿನಿಂದಲ್ಲ, ಬಚ್ಚಲ ತೂತಿನಿಂದ. ಗುಳುಗುಳು ಸದ್ದು, ಹಿಂದೆಯೇ ಜಿರಲೆಗಳು, ಆಮೇಲೆ ಕಪ್ಪು ನೀರು. ಗೋಣಿ ತುರುಕಿ ಮೇಲೆ ರುಬ್ಬುಗುಂಡು ಇಟ್ಟೆ, ಹತ್ತು ನಿಮಿಷವೂ ತಡೆಯಲಿಲ್ಲ.

ಯಾಕೆ ಹೀಗೆ ಅಂದರೆ, ಇಲ್ಲಿ ಮಳೆ ನೀರು ಕಡಲಿಗೆ ಬೀಳುವ ಬಾಯಿಗಳಲ್ಲಿ ಹೆಚ್ಚಿನವು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಉಬ್ಬರ ಬಂದಾಗ ಗೇಟು ಹಾಕಿದರೆ ಮಳೆ ನೀರು ಒಳಗೇ ಉಳಿಯುತ್ತದೆ, ಹಾಕದಿದ್ದರೆ ಕಡಲೇ ಒಳಗೆ ಬರುತ್ತದೆ. ಹಳೇ ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದ್ದು, ಅದೂ ಕಡಲು ಇಳಿದಿರುವಾಗ ಮಾತ್ರ. ಸಮುದ್ರ ಇನ್ನೊಂದು ಗೇಣು ಏರಿತು ಅಂದುಕೊಳ್ಳಿ, ಊರು ತಕ್ಷಣ ಮುಳುಗುವುದಿಲ್ಲ, ಆದರೆ ದಿನಕ್ಕೆರಡು ಸಲ ಆ ಬಾಯಿಗಳು ಮುಚ್ಚಿಯೇ ಇರುವ ಹೊತ್ತು ಜಾಸ್ತಿಯಾಗುತ್ತದೆ. ನನಗೆ ಭಯ ಇರುವುದು ಅದರದ್ದೇ.

ಹಾಗಾಗಿ ಗೋಡೆಗಿಂತ ಪಂಪು ಮುಖ್ಯ. ಹಾಜಿ ಅಲಿಯಂಥ ಪಂಪಿಂಗ್ ಸ್ಟೇಷನ್‌ನಲ್ಲಿ ಒಂದೊಂದು ಪಂಪು ಸೆಕೆಂಡಿಗೆ 6,000 ಲೀಟರ್ ಎತ್ತಿ ಹಾಕುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಹಿಂದ್‌ಮಾತಾ ಉಪಾಯ. ದಾದರ್ ಹತ್ತಿರದ ಆ ಜಾಗ ಬಾಣಲೆ ಥರ ತಗ್ಗು, ನಾಲ್ಕು ಹನಿ ಬಿದ್ದರೂ ಮೊಣಕಾಲು ನೀರು. ಈಗ ದಾದರ್, ಪರೇಲ್‌ನ ಎರಡು ಮೈದಾನಗಳ ಅಡಿಯಲ್ಲಿ ದೊಡ್ಡ ಟ್ಯಾಂಕು ಕಟ್ಟಿ, ನೀರನ್ನು ಅಲ್ಲಿಗೆ ಎಳೆದು, ಕಡಲು ಇಳಿದ ಮೇಲೆ ಬಿಡುತ್ತಾರೆ. ಪೂರ್ತಿ ವಾಸಿಯಾಗಿಲ್ಲ ಬಿಡಿ.

ಇಂಥ ಟ್ಯಾಂಕು ದೇವರು ಪುಕ್ಕಟೆ ಕೊಟ್ಟದ್ದೂ ಇತ್ತು. ಮುಂಬೈ ಒಳಗೇ ಹರಿಯುವ ಮೀಠಿ ನದಿಯ ಅಕ್ಕಪಕ್ಕದ ಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಅದರ ಮೇಲೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಅನ್ನುವ ದೊಡ್ಡ ಆಫೀಸುಗಳ ಬಡಾವಣೆ ಎದ್ದಿತು, ನದಿ ಮೇಲೇ ವಿಮಾನದ ರನ್‌ವೇ ಹೋಯಿತು. ಈಗ ಕೋಟಿಗಟ್ಟಲೆ ಸುರಿದು ಅದೇ ನೀರಿಗೆ ನೆಲದಡಿ ಜಾಗ ಹುಡುಕುತ್ತಿದ್ದೇವೆ, ಅಲ್ವಾ?

ಗೋಡೆ ಬೇಡವೇ ಬೇಡ ಅನ್ನುತ್ತಿಲ್ಲ. ನಮ್ಮ ಉಳ್ಳಾಲದ ಕಡೆ ಕಡಲ್ಕೊರೆತ, ಅಲ್ಲಿ ಕಲ್ಲು ಹಾಕುತ್ತಾರೆ. ಅದು ಅಲೆಗೆ ಮದ್ದು, ಮಳೆಗಲ್ಲ.

ನೀವು ಮುಂಬೈಗೆ ಬರುವ ಯೋಚನೆಯಲ್ಲಿ ಕೇಳಿದ್ದಾದರೆ, ನೆಲಮಹಡಿ ಮನೆ ಹಿಡಿಯಬೇಡಿ. ಹಿಡಿಯಲೇಬೇಕಾದರೆ ಹೊಸ ಪೇಂಟು ನೋಡಿ ಸುಮ್ನೆ ಒಪ್ಪಬೇಡಿ, ಮೀಟರ್ ಬೋರ್ಡು ಎಷ್ಟು ಎತ್ತರದಲ್ಲಿದೆ ನೋಡಿ. ನಮ್ಮ ಚಾಳಿನಲ್ಲಿ 2005ರ ನಂತರ ಎಲ್ಲರೂ ಅದನ್ನು ತಲೆಗಿಂತ ಮೇಲೆ ಹಾಕಿಸಿಕೊಂಡರು.