ಓದುಗರ ಪ್ರಶ್ನೆ: ಮನೆಯಲ್ಲೇ ಸೀಸ ಕಾಯಿಸಿ ಗುಂಡು ಎರೆಯಬಹುದೇ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು, ಈಗ ಅಮೆರಿಕದ ಓಹಾಯೊದಲ್ಲಿದ್ದೇನೆ. ಜಿಂಕೆ ಬೇಟೆಯ ಸೀಸನ್ನಿಗೆ 12 ಬೋರ್ ಕೋವಿ ಹಿಡಿದು ಹೋಗುತ್ತೇನೆ. ಐದೇ ಸ್ಲಗ್ (ಸಣ್ಣ ಚರೆಗಳ ಬದಲು ತೋಟಾದಲ್ಲಿ ಇರುವ ಒಂದೇ ದೊಡ್ಡ ಸೀಸದ ಗುಂಡು) ತೋಟಾ ಇರುವ ಡಬ್ಬಿಯ ಬೆಲೆ ನೋಡಿದರೆ ಗುರಿ ಅಭ್ಯಾಸಕ್ಕೆ ಹೊಡೆಯಲು ಮನಸ್ಸೇ ಬರುವುದಿಲ್ಲ. ಪಕ್ಕದ ಮನೆಯವರು ಸೀಸ ಕಾಯಿಸಿ ತಾವೇ ಸ್ಲಗ್ ಎರೆದು, ಖಾಲಿ ತೋಟಾಗಳನ್ನು ಮತ್ತೆ ತುಂಬಿಕೊಳ್ಳುತ್ತಾರೆ. ನಾನೂ ಶುರು ಮಾಡಲೇ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ.
- ಓದುಗರು, ಡೇಟನ್

ಉತ್ತರ: ಮಾಡಬಹುದು. ನಿಮ್ಮ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಅಲ್ಲಿನ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ತುಂಬಿ ಮಾರುವುದಾದರೆ ಬೇಕು. ಆದರೆ ಮಗಳ ವಿಷಯವನ್ನು ಕೊನೆಯ ಸಾಲಿಗೆ ಇಟ್ಟಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಭದ್ರಾವತಿಯಲ್ಲಿ ಎರಕದ ಕೆಲಸ ಕಲಿತವನು. ಕರಗಿದ ಕಬ್ಬಿಣದ ಹತ್ತಿರ ಹೋಗಲು ಯಾರಿಗಾದರೂ ಭಯವಾಗುತ್ತದೆ. ಸೀಸಕ್ಕೆ ಯಾರೂ ಹೆದರುವುದಿಲ್ಲ. 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಸಣ್ಣ ಕರೆಂಟ್ ಪಾತ್ರೆ ಸಾಕು. ಇಷ್ಟು ಸುಲಭ ಅನ್ನಿಸುವುದೇ ತೊಂದರೆ. ಹೊಗೆ ಕುಡಿದರೆ ಮಾತ್ರ ಅಪಾಯ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಮನೆಯೊಳಗೆ ಬರುವುದು ಜಾಸ್ತಿ ಧೂಳು. ಕರಗಿದ ಸೀಸದ ಮೇಲೆ ಬೂದು ಬಣ್ಣದ ಕಿಟ್ಟ ಕಟ್ಟುತ್ತದೆ. ಅದನ್ನು ಚಮಚದಿಂದ ತೆಗೆದು ಡಬ್ಬಿಗೆ ಸುರಿಯುವಾಗ ಹಿಟ್ಟಿನಂಥ ಪುಡಿ ಏಳುತ್ತದೆ. ಅದು ನಿಮ್ಮ ಬೂಟಿಗೆ, ಪ್ಯಾಂಟಿಗೆ, ಅಲ್ಲಿಂದ ಕಾರ್ಪೆಟ್ಟಿಗೆ, ಅಲ್ಲಿಂದ ಅಂಬೆಗಾಲಿಟ್ಟು ಆಡುವ ಮಗುವಿನ ಬಾಯಿಗೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 3.5 ಮೈಕ್ರೋಗ್ರಾಂ ಕಂಡರೂ ಗಮನ ಕೊಡಬೇಕೆಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ ಹೇಳುತ್ತಿದೆ.

ಹಾಗಾಗಿ ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಬೇಡವೇ ಬೇಡ. ಹೊರಗೆ, ಗಾಳಿ ಆಡುವ ಕಡೆ, ಮಾಡಿನ ಕೆಳಗೆ ಮಾಡಿ. ಅದಕ್ಕೇ ಒಂದು ಜೊತೆ ಬಟ್ಟೆ, ಬೂಟು ಇಟ್ಟುಕೊಳ್ಳಿ. ಆ ಬೂಟು ಹೊಸ್ತಿಲು ದಾಟಬಾರದು, ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಬಾರದು. ಅಡುಗೆಮನೆಯ ಪಾತ್ರೆ, ಚಮಚ ಯಾವುದನ್ನೂ ತರಬೇಡಿ. ಒಣ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಶುರು ಮಾಡುವ ಮೊದಲು ನಿಮ್ಮ ರಕ್ತದ ಸೀಸ ಪರೀಕ್ಷೆ ಮಾಡಿಸಿಕೊಳ್ಳಿ, ಆಮೇಲೂ ಆಗಾಗ ಮಾಡಿಸುತ್ತಿರಿ. ಇಷ್ಟು ಮಾಡಲಾಗದಿದ್ದರೆ ಮಗಳು ದೊಡ್ಡವಳಾಗುವ ತನಕ ಅಂಗಡಿಯ ತೋಟಾವೇ ಇರಲಿ.

ಇನ್ನೊಂದು ಶತ್ರು ನೀರು. ಕರಗಿದ ಸೀಸದ ಒಳಗೆ ಒಂದು ಹನಿ ಹೊಕ್ಕರೂ ಅದು ತಕ್ಷಣ ಆವಿಯಾಗಿ, ಪಾತ್ರೆಯಲ್ಲಿರುವುದನ್ನೆಲ್ಲ ಮುಖಕ್ಕೆ ಎರಚುತ್ತದೆ. ತಣ್ಣಗಿನ ಸೀಸದ ಗಟ್ಟಿಯ ಮೇಲೆ ಕಣ್ಣಿಗೆ ಕಾಣದ ತೇವ ಇರುತ್ತದೆ. ಅದನ್ನು ಪಾತ್ರೆಯ ಅಂಚಿನಲ್ಲಿಟ್ಟು ಚೆನ್ನಾಗಿ ಬಿಸಿಯಾದ ಮೇಲೆ ಒಳಗೆ ಬಿಡಿ. ಮುಖಕ್ಕೆ ಪೂರ್ತಿ ಗುರಾಣಿ, ಚರ್ಮದ ಕೈಗವಸು, ಉದ್ದ ತೋಳಿನ ಹತ್ತಿ ಅಂಗಿ ಇರಲೇಬೇಕು.

ಸೀಸ ಎಲ್ಲಿಂದ? ಹಳೇ ಛಾವಣಿಯ ಹಾಳೆ, ನಲ್ಲಿ ಕೆಲಸದ ಮೆತ್ತನೆಯ ಸೀಸ ಒಳ್ಳೆಯದು. ಸ್ಲಗ್ ಮೆತ್ತಗೇ ಇರಬೇಕು. ಕಾರಿನ ಚಕ್ರಕ್ಕೆ ಹಾಕುವ ತೂಕದ ತುಂಡುಗಳಲ್ಲಿ ಈಗ ಸತುವಿನವೂ ಬರುತ್ತವೆ, ಅವು ಬೆರೆತರೆ ಇಡೀ ಪಾತ್ರೆ ಹಾಳು. ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆ ಯಾರು ಹೇಳಿದರೂ ಕೇಳಬೇಡಿ. ಆಸಿಡ್ ಒಂದು ಕಡೆ, ವಿಷದ ಗಾಳಿ ಏಳುವ ಸಾಧ್ಯತೆ ಇನ್ನೊಂದು ಕಡೆ.

ಎರೆಯುವುದು ನನಗೆ ಇವತ್ತಿಗೂ ಖುಷಿಯ ಕೆಲಸ. ಮೊದಲು ಬರುವ ಗುಂಡುಗಳು ಮೈತುಂಬ ಸುಕ್ಕಾಗಿರುತ್ತವೆ. ಅಚ್ಚು ಇನ್ನೂ ಕಾದಿಲ್ಲ ಎಂದರ್ಥ, ಬೇಜಾರಿಲ್ಲದೆ ಪಾತ್ರೆಗೆ ವಾಪಸ್ ಹಾಕಿ. ಅಚ್ಚು ಹದಕ್ಕೆ ಬಂದಾಗ ಅಂಚು ಚೂಪಾಗಿ, ಮೈ ಹೊಳೆಯುತ್ತಾ ಬೀಳುತ್ತದೆ.

ಉಳಿತಾಯ ಇರುವುದು ಈ ಸೀಸದಲ್ಲಿ ಮಾತ್ರ. ಒಂದು ಪೌಂಡಿಗೆ ಒಂದು ಔನ್ಸಿನ 16 ಸ್ಲಗ್ ಲೆಕ್ಕ. ಮದ್ದಿನ ವಿಷಯದಲ್ಲಿ ಕಾಸು ಉಳಿಸಲು ಹೋಗಬೇಡಿ. ಮದ್ದು ತಯಾರಿಸುವ ಕಂಪನಿಯೇ ಅಚ್ಚು ಹಾಕಿಸಿದ ಪುಸ್ತಕ ಇರುತ್ತದೆ. ಅದರಲ್ಲಿ ಯಾವ ಖಾಲಿ ತೋಟಾ, ಯಾವ ಕ್ಯಾಪು (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ), ಯಾವ ಪ್ಲಾಸ್ಟಿಕ್ ವಾಡ್ (ಮದ್ದಿಗೂ ಗುಂಡಿಗೂ ನಡುವೆ ಕೂರುವ ತುಂಡು), ಎಷ್ಟು ತೂಕದ ಸ್ಲಗ್ ಎಂದಿದೆಯೋ ಅಷ್ಟೇ. ಒಂದನ್ನೂ ಬದಲಿಸುವಂತಿಲ್ಲ. 2¾ ಇಂಚಿನ 12 ಬೋರ್ ತೋಟಾಕ್ಕೆ ಅಮೆರಿಕದ ಉದ್ಯಮ ಒಪ್ಪಿದ ಗರಿಷ್ಠ ಒತ್ತಡ ಚದರ ಇಂಚಿಗೆ 11,500 ಪೌಂಡ್. ಬರೀ ವಾಡ್ ಬದಲಾದರೂ ಒತ್ತಡ ಏರಬಹುದು, ಅದು ಹೊರಗಿನಿಂದ ಕಾಣುವುದಿಲ್ಲ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ, ತಕ್ಕಡಿ ಇರಲಿ, ಮಾತಾಡಿಸುವವರು ಯಾರೂ ಬೇಡ. ಅಂಗಡಿಯ ಚರೆ ತೋಟಾ ಬಿಚ್ಚಿ ಒಳಗೆ ಸ್ಲಗ್ ತುರುಕುವುದು, ಚರೆಗೆ ಮೇಣ ಸುರಿಯುವುದು ಇವೆಲ್ಲ ಕೋವಿ ಒಡೆಯುವ ದಾರಿಗಳು.

ನನ್ನ ಸಲಹೆ ಕೇಳುವುದಾದರೆ, ಈ ಸೀಸನ್ ಪಕ್ಕದ ಮನೆಯವರ ಜೊತೆ ನಿಂತು ಸುಮ್ನೆ ನೋಡಿ. ಅವರು ತಮ್ಮ ಪುಸ್ತಕ ತೋರಿಸಿದರೆ ಅವರಿಂದ ಕಲಿಯಿರಿ. "ಅಂದಾಜಿಗೆ ಹಾಕ್ತೀನಿ" ಎಂದರೆ ಅವರು ತುಂಬಿದ ತೋಟಾ ಹೊಡೆಯುವಾಗ ಪಕ್ಕದಲ್ಲೂ ನಿಲ್ಲಬೇಡಿ. ಕಲಿತ ಮೇಲೂ ಮನೆಯ ತೋಟಾ ಅಭ್ಯಾಸಕ್ಕೆ ಇರಲಿ, ಜಿಂಕೆಗೆ ಹೊಡೆಯುವ ಆ ಒಂದು ಈಡು ಅಂಗಡಿಯದ್ದೇ ಇರಲಿ.

ಪ್ರಶ್ನೆ: ಕೊಡಗಿನಲ್ಲಿ ನಮಗೆ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಹಾಗಾದರೆ ತೋಟಾ ನಾವೇ ತುಂಬಿಕೊಳ್ಳಬಹುದಲ್ವಾ?
- ಓದುಗರು, ಮಡಿಕೇರಿ

ಉತ್ತರ: ಇಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ, ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಒಯ್ಯಲು. ತೋಟಾ ತಯಾರಿಸುವುದು ಬೇರೆ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಇದನ್ನು ಮೀರಿದರೆ ಕಡಿಮೆಯೆಂದರೆ 7 ವರ್ಷ ಜೈಲು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡಲು ಬೇಕಾದ ತೋಟಾವನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಿ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.